ಹಳೆ ಜೋಡುನಳಿಗೆ ಕೋವಿ: ನಳಿಗೆ ಮುಟ್ಟದೆ ಗುರಿ ಸರಿಪಡಿಸಿದ್ದು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ. ಹಾಗಾಗಿ ಕೊಡಗಿನ ಮನೆಗಳ ಹಳೆ 12 ಬೋರ್ ಕೋವಿಗೆ ಈಗ ಉಳಿದಿರುವ ಮುಖ್ಯ ಕೆಲಸಗಳಲ್ಲೊಂದು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವುದು. ನಮ್ಮ ಕೋವಿ ಅದರಲ್ಲೂ ಕಾಯಿಯ ಕೆಳಗೇ ಹೊಡೆಯುತ್ತಿತ್ತು. ಇಂಥದ್ದಕ್ಕೆ ಎಲ್ಲರೂ ನಳಿಗೆಯನ್ನು ಬೈಯುತ್ತಾರೆ. ದೋಷ ಹೆಚ್ಚಾಗಿ ಇರುವುದು ಮರದ ಹಿಡಿಯಲ್ಲಿ.

ಮೊದಲು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಅಳೆಸಿದೆ. ಹಳೆ ಇಂಗ್ಲಿಷ್ ಕೋವಿಗಳದ್ದು ಸಾಮಾನ್ಯವಾಗಿ 65 ಮಿ.ಮೀ. ಅದಕ್ಕೆ 70ರ ತೋಟಾ ಹಾಕಿದರೆ ಒಳಗೆ ಹೋಗುತ್ತದೆ, ಅದೇ ಅಪಾಯ: ಹೊಡೆದಾಗ ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಟ್ರಿಗರ್, ಲಾಕ್, ನಳಿಗೆಯ ತಗ್ಗು ಎಲ್ಲವೂ ಅವರ ಪಾಲು. ನಳಿಗೆ ಮೊಟಕು ಮಾಡುವ ಮಾತೇ ಬೇಡ, ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಇರುವುದೇ ಅದಕ್ಕೆ.

ಈ ಕೋವಿಗೆ ಗುರಿ ನೋಡುವ ಹಿಂದಿನ ಸೈಟ್ ಇರುವುದಿಲ್ಲ. ಕಣ್ಣೇ ಹಿಂದಿನ ಸೈಟ್. ಕೆನ್ನೆ ಊರುವ ಹಿಡಿಯ ಬೆನ್ನು ತಗ್ಗಾದರೆ ಕಣ್ಣು ಇಳಿಯುತ್ತದೆ, ಈಡೂ ಇಳಿಯುತ್ತದೆ. ಎಷ್ಟು ಎಂಬುದನ್ನು ಕಾಗದವೇ ಹೇಳುತ್ತದೆ. ಹಿಂದೆ ಮಣ್ಣಿನ ದಿಬ್ಬವಿರುವ ಕಡೆ 16 ಗಜ ದೂರದಲ್ಲಿ ನಾಲ್ಕಡಿ ಅಗಲದ ಹಾಳೆ ಕಟ್ಟಿ, ನಡುವೆ ಒಂದು ಚುಕ್ಕೆ ಇಡಿ. ನಿಧಾನಕ್ಕೆ ಗುರಿ ಹಿಡಿಯದೆ, ಕೋವಿ ಭುಜಕ್ಕೇರಿದ ಕೂಡಲೇ ಒಂದೇ ಹಾಳೆಗೆ ಐದಾರು ಈಡು ಹೊಡೆದು ಚರೆಗಳ ಗುಂಪಿನ ನಡು ನೋಡಿ. ಚುಕ್ಕೆಯಿಂದ ಪ್ರತಿ ಅಂಗುಲಕ್ಕೆ ಹಿಡಿಯಲ್ಲಿ 1/16 ಅಂಗುಲ ತಿದ್ದಬೇಕು. ಇದರದ್ದು ನಾಲ್ಕಂಗುಲ ಕೆಳಗೆ, ಅಂದರೆ ಹೆಚ್ಚುಕಮ್ಮಿ 6 ಮಿ.ಮೀ. ಏರಿಸಬೇಕು. 3 ಮಿ.ಮೀ.ನ ಕಾರ್ಕ್ ಹಾಳೆಯನ್ನು ಹಿಡಿಯ ಬೆನ್ನಿಗೆ ಎರಡು ಪದರ ಇಟ್ಟು, ಟೇಪ್ ಸುತ್ತಿ ಮತ್ತೆ ಹೊಡೆದು ನೋಡಿ, ನಡು ಸೇರಿದ ಮೇಲಷ್ಟೇ ಚರ್ಮದ ಕವಚ ಹೊಲಿಸಿದ್ದು. ಮರ ಕೆತ್ತುವ ಆತುರ ಬೇಡ, ಕೆತ್ತಿದ್ದು ವಾಪಸ್ ಬರುವುದಿಲ್ಲ.

ಹಿಡಿ ಗಿಡ್ಡವೂ ಇತ್ತು. ಕೋವಿ ಭುಜಕ್ಕಿಟ್ಟಾಗ ಹೆಬ್ಬೆರಳಿನ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಒದೆತಕ್ಕೆ ಬೆರಳು ಮೂಗಿಗೇ ಬಡಿಯುತ್ತದೆ. ಒಂದಂಗುಲದ ರಬ್ಬರ್ ಪ್ಯಾಡ್ ಸಾಕಾಯಿತು. ಹಳೆ ತೂತಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ: ಗಟ್ಟಿ ಮರದ ಬೆಣೆಗೆ ಅರಾಲ್ಡೈಟ್ ಹಚ್ಚಿ ಮುಚ್ಚಿ, ಒಂದು ದಿನ ಬಿಟ್ಟು ಹೊಸ ತೂತು ಕೊರೆಯಿರಿ. ಪ್ಯಾಡ್ ಉಜ್ಜುವಾಗ ಹಿಡಿಗೆ ಎರಡು ಸುತ್ತು ಟೇಪ್ ಸುತ್ತಿರಿ, ಟೇಪ್ ಸವೆಯತೊಡಗಿದರೆ ನಿಲ್ಲಿಸುವ ಸೂಚನೆ.

ಇಷ್ಟಾದರೂ ಲೋಹ ಸೇರುವ ಕಡೆ ಮರ ಕಪ್ಪಗೆ ಮೆತ್ತಗಾಗಿದ್ದರೆ ಫಲವಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಅದು, ಪ್ರತಿ ಒದೆತಕ್ಕೂ ನುಗ್ಗಾಗಿ ಕೊನೆಗೆ ಸೀಳುತ್ತದೆ. ಲೋಹ ಬಿಚ್ಚಿಸಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮೆತ್ತಿ; ಒಣಗಿ ಕಂದಾದಂತೆ ಕೆರೆದು ಮತ್ತೆ ಮೆತ್ತಿ, ಪುಡಿ ಬಿಳಿಯಾಗೇ ಉಳಿಯುವವರೆಗೆ. ಗಾಳಿಯಾಡುವ ಕಡೆ ಮಾಡಿ, ಒಲೆ ಹತ್ತಿರ ಬೇಡ. ಆಮೇಲೆ ಕುದಿಸಿದ ಅಗಸೆ ಎಣ್ಣೆ, ತೆಳುವಾಗಿ, ಒಂದು ಪದರಕ್ಕೂ ಇನ್ನೊಂದಕ್ಕೂ ಒಂದು ದಿನದ ಅಂತರ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ ಹರಡಿ ಒಣಗಿಸಿ.

ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿಟ್ಟರೆ ತೇವ ಹಿಡಿದು ತುಕ್ಕು ಖಚಿತ. ಬೀಗವಿರುವ ಕಪಾಟಿನಲ್ಲಿ, ತೋಟಾ ಬೇರೆ ಕಡೆ, ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿಡಿ. ಹೆಚ್ಚಾದ ಎಣ್ಣೆ ಮರಕ್ಕಿಳಿಯುವ ಬದಲು ಬಾಯಿಯಿಂದ ತೊಟ್ಟಿಕ್ಕುತ್ತದೆ.