560 ಕಿಲೋ ತೂಕದ ತಂಡ ಕಟ್ಟಿದ ಬಗೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ರಾಜ್ಯೋತ್ಸವದ ಅಂಗವಾಗಿ ನಮ್ಮಲ್ಲಿ ಪ್ರತಿ ನವೆಂಬರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಿತ್ತು. ಪ್ರೊಡಕ್ಷನ್ ವಿರುದ್ಧ ಕ್ವಾಲಿಟಿ, ಮೇಂಟೆನೆನ್ಸ್ ವಿರುದ್ಧ ಸ್ಟೋರ್ಸ್ ಎಂಬುದು ಅದರ ಏರ್ಪಾಡು. ರಿಜೆಕ್ಟ್ ಆದ ಮಾಲಿನ ಬಗ್ಗೆ ವರ್ಷವಿಡೀ ವಾದಿಸುವವರು ಮೈದಾನದಲ್ಲಿಯೂ ಅದೇ ವಾದವನ್ನು ಮುಂದುವರಿಸುತ್ತಿದ್ದರು, ಆಟ ಬಲ್ಲ ಹುಡುಗರಷ್ಟೇ ಆಡುತ್ತಿದ್ದರು, ಮಿಕ್ಕವರು ಊಟದ ಹೊತ್ತಿಗೆ ಬಂದು ಹೋಗುತ್ತಿದ್ದರು. ಕ್ರೀಡಾಕೂಟದ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಕ್ರಿಕೆಟ್ಟನ್ನು ಬಿಟ್ಟು ಹಗ್ಗಜಗ್ಗಾಟವನ್ನು ಆರಿಸಿಕೊಂಡೆ.

ಹಗ್ಗಜಗ್ಗಾಟವೆಂದರೆ ಗಣೇಶೋತ್ಸವದಲ್ಲಿ ಸಿಕ್ಕವರೆಲ್ಲ ಸೇರಿ ಎಳೆಯುವ ಆಟವೆಂದೇ ಹಲವರ ಭಾವನೆ. ಆದರೆ ಅದು 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿಯೂ ಇದ್ದ ಕ್ರೀಡೆ. ಅದಕ್ಕೆ ಅಂತರರಾಷ್ಟ್ರೀಯ ನಿಯಮಾವಳಿಯೂ ಉಂಟು. ಒಂದು ತಂಡದಲ್ಲಿ ಎಂಟು ಮಂದಿ ಇರಬೇಕು ಮತ್ತು ಆ ಎಂಟು ಜನರ ಒಟ್ಟು ತೂಕ ಆಯಾ ವರ್ಗದ ಮಿತಿಯನ್ನು ಮೀರಬಾರದು. ನಾನು 560 ಕಿಲೋ ವರ್ಗವನ್ನು ತೆಗೆದುಕೊಂಡು, ಅದಕ್ಕೆ ನಮ್ಮದೇ ಒಂದು ಷರತ್ತನ್ನು ಸೇರಿಸಿದೆ: ಒಂದು ವಿಭಾಗದಿಂದ ಇಬ್ಬರಿಗಿಂತ ಹೆಚ್ಚು ಜನ ಒಂದೇ ತಂಡದಲ್ಲಿ ಇರಕೂಡದು.

ಕೆಲಸವೆಲ್ಲ ನಡೆದದ್ದು ಈ ಎರಡು ನಿಯಮಗಳಿಂದಲೇ. ಸರಾಸರಿ 70 ಕಿಲೋ ಎಂದ ಮೇಲೆ, 95 ಕಿಲೋ ತೂಗುವ ಸ್ಟೋರ್ ಕೀಪರ್‌ನನ್ನು ಹಗ್ಗದ ತುದಿಗೆ ನಿಲ್ಲಿಸಿಕೊಳ್ಳಬೇಕೆಂದರೆ 50ರ ಆಸುಪಾಸಿನವನೊಬ್ಬನನ್ನು ಹುಡುಕಲೇಬೇಕು. ಅದುವರೆಗೆ ಯಾವ ಆಟಕ್ಕೂ ಯಾರೂ ಕರೆಯದಿದ್ದ ಅಕೌಂಟ್ಸ್‌ನ ಸಣಕಲು ಹುಡುಗನಿಗೆ ಏಕಾಏಕಿ ಬೇಡಿಕೆ ಬಂತು. ಪ್ರೆಸ್ ಶಾಪಿನ ಹಿರಿಯ ಆಪರೇಟರ್ ಒಬ್ಬರು ಗ್ರೀಸ್ ಕೈಯನ್ನು ಒರೆಸಿಕೊಳ್ಳುತ್ತಾ ಅವನ ಮೇಜಿನ ಮುಂದೆ ನಿಂತು, "ಸರ್, ನೀವು ಐವತ್ತೆರಡೇ ಅಂತೆ, ಬೇರೆ ಯಾರಿಗೂ ಒಪ್ಪಬೇಡಿ" ಎಂದದ್ದನ್ನು ನಾನೇ ಕಂಡಿದ್ದೇನೆ. ಸಂಬಳದ ಚೀಟಿಯ ತಕರಾರಿಗಲ್ಲದೆ ಅವರು ಆ ಕೋಣೆಗೆ ಕಾಲಿಟ್ಟವರಲ್ಲ. ಪಂದ್ಯಕ್ಕಿಂತ ಪಂದ್ಯಕ್ಕೆ ಮುಂಚಿನ ಈ ಓಡಾಟವೇ ಜನರನ್ನು ಹತ್ತಿರ ತಂದಿತೆಂಬುದು ನನ್ನ ಅಭಿಪ್ರಾಯ.

ತೂಕ ನೋಡಿದ್ದು ಡಿಸ್ಪ್ಯಾಚ್ ಶೆಡ್ಡಿನಲ್ಲಿ, ಮಾಲಿನ ಕ್ರೇಟುಗಳನ್ನು ತೂಗುವ ಪ್ಲಾಟ್‌ಫಾರ್ಮ್ ಯಂತ್ರದ ಮೇಲೆ. ಒಬ್ಬೊಬ್ಬರನ್ನೇ ತೂಗಿ ಕೂಡುವ ಬದಲು ಎಂಟೂ ಜನರನ್ನು ಒಟ್ಟಿಗೆ ಹತ್ತಿಸಿದೆವು. ಒಂದು ತಂಡಕ್ಕೆ 562 ಬಂತು. ಬೂಟು ಕಳಚಿದರು, ಬೆಲ್ಟು ಬಿಚ್ಚಿದರು, ಜೇಬಿನ ಮೊಬೈಲು, ಬೀಗದ ಕೈಗಳನ್ನು ಕೆಳಗಿಟ್ಟರು. ಒಬ್ಬರನ್ನೊಬ್ಬರು ತೋಳು ಹಿಡಿದುಕೊಂಡು ಅಲುಗಾಡದೆ ನಿಂತಾಗ ಅಂಕಿ 559ಕ್ಕೆ ಇಳಿಯಿತು. ತೂಕ ಓದಿ ಹೇಳುವ ಕೆಲಸವನ್ನು ಕ್ವಾಲಿಟಿ ವಿಭಾಗದವರಿಗೇ ವಹಿಸಿದ್ದೆ. ಅಳತೆಯ ವಿಷಯದಲ್ಲಿ ಅವರನ್ನು ಬಿಟ್ಟರೆ ಬೇರೆ ಯಾರ ಮಾತನ್ನೂ ಪ್ರೊಡಕ್ಷನ್‌ನವರು ನಂಬುವುದಿಲ್ಲ, ಬಾಯಲ್ಲಿ ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಹಗ್ಗದ ವಿಷಯದಲ್ಲಿ ಮಾತ್ರ ನಾನು ಯಾರ ಸಲಹೆಗೂ ಬಗ್ಗಲಿಲ್ಲ. ಸ್ಟೋರ್ಸ್‌ನಲ್ಲಿ ನೈಲಾನ್ ಹಗ್ಗ ಇತ್ತು, ಅದೇ ಸಾಕೆಂದರು. ನೈಲಾನ್ ಎಳೆತಕ್ಕೆ ಹಿಗ್ಗುತ್ತದೆ, ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. 1997ರಲ್ಲಿ ತೈಪೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿ ಎಳೆಯುತ್ತಿದ್ದಾಗ ಹಗ್ಗ ಕಡಿದು ಇಬ್ಬರ ತೋಳುಗಳೇ ತುಂಡಾಗಿದ್ದವು. ಆದ್ದರಿಂದ ನಿಯಮಾವಳಿಯಂತೆ 10ರಿಂದ 12.5 ಸೆಂಟಿಮೀಟರ್ ಸುತ್ತಳತೆಯ, 33.5 ಮೀಟರಿಗೆ ಕಡಿಮೆಯಿಲ್ಲದ, ಗಿಡದ ನಾರಿನಿಂದ ಹೊಸೆದ ಮನಿಲಾ ಹಗ್ಗವನ್ನೇ ತರಿಸಿದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು, ಗಂಟು ಹಾಕುವುದು, ಉಂಗುರ ಧರಿಸುವುದು, ಈ ಮೂರನ್ನೂ ನಿಷೇಧಿಸಿದೆ. ಮದುವೆಯ ಉಂಗುರ ಬಿಚ್ಚಲು ಹಿಂಜರಿದ ಇಬ್ಬರನ್ನು ಗೆರೆ ಕಾಯುವ ಕೆಲಸಕ್ಕೆ ಹಾಕಿದೆ.

ಹಗ್ಗದ ನಡುವೆ ಒಂದು ಗುರುತು, ಅದರಿಂದ ಎರಡೂ ಕಡೆ ನಾಲ್ಕು ಮೀಟರಿಗೆ ಒಂದೊಂದು ಗುರುತು. ಎದುರಾಳಿಯ ನಾಲ್ಕು ಮೀಟರ್ ಗುರುತನ್ನು ನೆಲದ ನಡುಗೆರೆ ದಾಟಿಸಿದರೆ ಒಂದು ಎಳೆತ ಗೆದ್ದಂತೆ, ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಬಲಿಷ್ಠರೇ ತುಂಬಿದ್ದ ತಂಡವೊಂದು ಮೊದಲ ಸುತ್ತಿನಲ್ಲೇ ಸೋತಿತು, ಏಕೆಂದರೆ ಎಲ್ಲರೂ ತಮ್ಮ ತಮ್ಮ ಲಯದಲ್ಲಿ ಎಳೆದರು. ಗೆದ್ದ ತಂಡದಲ್ಲಿ ಕ್ಯಾಂಟೀನಿನ ಅಡುಗೆಯವರು ಪಕ್ಕದಲ್ಲಿ ನಿಂತು "ಐಸಾ" ಹೇಳುತ್ತಿದ್ದರು, ಎಂಟು ಹಿಮ್ಮಡಿಗಳೂ ಒಮ್ಮೆಗೇ ಮಣ್ಣಿಗಿಳಿಯುತ್ತಿದ್ದವು. ಮಹಿಳಾ ಸಿಬ್ಬಂದಿ ಥ್ರೋಬಾಲ್ ಬೇಕೆಂದು ಕೇಳಿದ್ದರಿಂದ ಅದೂ ಇತ್ತು. ಏಳು ಜನರ ಆ ತಂಡಗಳಿಗೂ ಮಿಶ್ರ ವಿಭಾಗದ ಷರತ್ತನ್ನೇ ಹಾಕಿದ್ದೆ. ನಗದು ಬಹುಮಾನ ಇಟ್ಟಿರಲಿಲ್ಲ, ಹಣ ಬಂದೊಡನೆ ತಕರಾರು ಬರುತ್ತದೆ.

ರಿಜೆಕ್ಷನ್ ಈಗಲೂ ಆಗುತ್ತದೆ, ವಾದವೂ ನಡೆಯುತ್ತದೆ. ಆದರೆ ಮೊದಲು ನೇರವಾಗಿ ಮ್ಯಾನೇಜರಿಗೆ ಇಮೇಲ್ ಹೋಗುತ್ತಿದ್ದ ಕಡೆ, ಒಂದೇ ತಂಡದಲ್ಲಿ ಎಳೆದವರು ಈಗ ಅಳತೆಯ ಗೇಜು ಹಿಡಿದುಕೊಂಡು ಮಷಿನ್ನಿನ ಬಳಿಗೇ ಬಂದು ಮಾತನಾಡುತ್ತಾರೆ. ಗುತ್ತಿಗೆ ಕಾರ್ಮಿಕರನ್ನು ಮಾತ್ರ ಮೈದಾನಕ್ಕೆ ಇಳಿಸಲು ಆಗಲಿಲ್ಲ. ಪೆಟ್ಟಾದರೆ ಹೊಣೆ ಯಾರದೆಂಬ ಪ್ರಶ್ನೆಗೆ ಗುತ್ತಿಗೆದಾರರೂ ಆಡಳಿತದವರೂ ಪರಸ್ಪರ ಬೊಟ್ಟು ಮಾಡಿದರು. ಮುಂದಿನ ನವೆಂಬರಿಗೆ ಮೊದಲು ಅವರಿಗೂ ಅಪಘಾತ ವಿಮೆ ಮಾಡಿಸಬೇಕೆಂದು ಬರೆದುಕೊಟ್ಟಿದ್ದೇನೆ, ಕಡತ ಇನ್ನೂ ಮೇಲಿನ ಮಹಡಿಯಲ್ಲಿದೆ.