ಪೇಟೆ ಗೋಡೆ ಮೇಲೆ ಅಘನಾಶಿನಿ ಹರಿಸುವುದು ಹೀಗೆ

ಅಘನಾಶಿನಿ ಹುಟ್ಟುವುದು ಶಿರಸಿಯಲ್ಲೇ, ಶಂಕರಹೊಂಡದಲ್ಲಿ. ದಿನಾ ಅದೇ ದಾರಿಯಲ್ಲಿ ಓಡಾಡಿದರೂ ನಮಗೆ ನೆನಪಾಗುವುದಿಲ್ಲ, ಅಲ್ವಾ? ಹಾಗಾಗಿ ನದಿಯನ್ನೇ ಪೇಟೆಗೆ ತನ್ನಿ, ರಾತ್ರಿ ಪ್ರೊಜೆಕ್ಟರ್‌ನಿಂದ ಅದರ ಚಿತ್ರವನ್ನು ಗೋಡೆ ಮೇಲೆ ಬಿಡಿ.

ಮೊದಲು ಗೋಡೆ ಹುಡುಕಿ. ಸುಣ್ಣ ಬಳಿದದ್ದು, ಬೀದಿದೀಪ ನೇರ ಬೀಳದ್ದು. ಮಾಲೀಕರನ್ನೂ ನಗರಸಭೆಯನ್ನೂ ಕೇಳಿ. 3,000 ಲ್ಯುಮೆನ್ (ಬೆಳಕಿನ ಅಳತೆ) ಇರುವ ಪ್ರೊಜೆಕ್ಟರ್ ಬಾಡಿಗೆಗೆ ತಂದರೆ ಹತ್ತಡಿ ಅಗಲದ ಚಿತ್ರ ಕತ್ತಲಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಚಿತ್ರವೇ ಮುಖ್ಯ, ಇಲ್ಲಿ ಅವಸರ ಬೇಡ. ಡ್ರೋನ್ ದೃಶ್ಯ ಎಲ್ಲರೂ ಫೋನಿನಲ್ಲಿ ನೋಡಿರುತ್ತಾರೆ. ನೀವು ಮೊಣಕಾಲೂರಿ ಕೂತು ತೆಗೆಯಿರಿ: ಉಂಚಳ್ಳಿ ಜಲಪಾತದ ಹನಿ, ಕುಮಟಾ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ನಡುವೆ ಓಡುವ ಏಡಿ, ಇಳಿತದ ಹೊತ್ತಲ್ಲಿ ಕೆಸರಲ್ಲಿ ಕೂತು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಕೈಗಳು (ಕೇಳಿಯೇ ತೆಗೆಯಿರಿ). ಆಮೇಲೆ ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಿ. ಕಪ್ಪಿದ್ದಲ್ಲಿ ಪ್ರೊಜೆಕ್ಟರ್ ಬೆಳಕು ಬೀಳುವುದು ತೀರಾ ಕಡಿಮೆ, ಅದಕ್ಕೇ ಚೌಕಟ್ಟು ಮಾಯವಾಗಿ ಏಡಿ ಗೋಡೆ ಮೇಲೇ ನಡೆದಂತೆ ಕಾಣುತ್ತದೆ, ಮಕ್ಕಳು ಮುಟ್ಟಲು ಓಡಿ ಬರುತ್ತಾರೆ.

ಸದ್ದು ಕಡಿಮೆ ಇಡಿ. ಕಪ್ಪೆ, ನೀರು, ಅಷ್ಟು ಸಾಕು.

ಕಾರವಾರದ ಕಡಲತೀರದಲ್ಲಿ ಮಾಡುವ ಆಸೆಯಿದ್ದರೆ ಒಂದು ಮಾತು. ಚಳಿಗಾಲದಿಂದ ಬೇಸಿಗೆವರೆಗೆ ಅಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ, ಮರಿಗಳು ಬೆಳಕಿನ ಕಡೆ ನಡೆದು ದಾರಿ ತಪ್ಪುತ್ತವೆ. ಆಗ ಮರಳ ಮೇಲೆ ಒಂದು ಬಲ್ಬೂ ಬೇಡ, ಊರೊಳಗಿನ ಗೋಡೆ ಹುಡುಕಿ.