ಬಾಕ್ಸ್ ತಗೊಳ್ಳೋಕ್ ಮುಂಚೆ ಗೋಡೆ ನೋಡಿ: ರೌಟರ್, ಸ್ವಿಚ್‌ಗೆ ಸರಿಯಾದ ಪೆಟ್ಟಿಗೆ ಆರಿಸೋದು ಹೇಗೆ

ಸಕಲೇಶಪುರದ ಹತ್ರ ಒಂದು ಹೋಮ್‌ಸ್ಟೇಗೆ ವೈಫೈ ಹಾಕೋಕೆ ಹೋದಾಗ ನಾನೇ ಮಾಡಿದ ಎಡವಟ್ಟಿಂದ ಶುರು ಮಾಡ್ತೀನಿ. ಹೊರಗೋಡೆಗೆ ಒಳ್ಳೆ ದಪ್ಪ ತಗಡಿನ ಬಾಕ್ಸು, ಬಾಗಿಲಂಚಿಗೆ ನೀರು ತಡಿಯೋ ರಬ್ಬರ್ ಗ್ಯಾಸ್ಕೆಟ್ಟು, ಧೂಳು-ನೀರು ಎಷ್ಟು ತಡಿಯತ್ತೆ ಅಂತ ಹೇಳೋ ಐಪಿ 65 ಸ್ಟಿಕ್ಕರ್ ಬೇರೆ, ಎಲ್ಲಾ ಸರಿ ಇತ್ತು, ಆದ್ರೆ ಕೇಬಲ್ ಮೇಲಿಂದ ಬರ್ತಿತ್ತಲ್ಲ ಅಂತ ಬಾಕ್ಸಿನ ತಲೆ ಮೇಲೇ ತೂತು ಹೊಡೆದು ಒಂಚೂರು ಸಿಲಿಕೋನ್ ಬಳಿದು ಬಂದ್ಬಿಟ್ಟೆ. ಜುಲೈನಲ್ಲಿ ಫೋನ್ ಬಂತು. ಹೋಗಿ ತೆಗೆದ್ರೆ ತಳದಲ್ಲಿ ಎರಡಿಂಚು ನೀರು, ನೆಟ್‌ವರ್ಕ್ ಸ್ವಿಚ್ಚು (ಒಂದು ಇಂಟರ್‌ನೆಟ್ ಲೈನನ್ನ ಹಲವು ಸಾಧನಕ್ಕೆ ಹಂಚೋ ಡಬ್ಬಿ) ಅದ್ರಲ್ಲಿ ಆರಾಮಾಗಿ ಸ್ನಾನ ಮಾಡ್ತಾ ಕೂತಿತ್ತು. ಗ್ಯಾಸ್ಕೆಟ್ ಎಷ್ಟು ಗಟ್ಟಿ ಅಂದ್ರೆ ಒಳಗೆ ಹೋದ ನೀರನ್ನ ಹೊರಗೂ ಬಿಟ್ಟಿರ್ಲಿಲ್ಲ.

ಹಾಗಾಗಿ ಅಂಗಡೀಲಿ ರೇಟ್ ಕೇಳೋಕ್ ಮುಂಚೆ ಬಾಕ್ಸು ಎಲ್ಲಿ ಕೂರತ್ತೆ ಅಂತ ತೀರ್ಮಾನ ಮಾಡಿ. ನಮ್ಮ ಹಾಸನ ಜಿಲ್ಲೇಲೇ ಎರಡು ಪ್ರಪಂಚ ಇದೆ. ಅರಸೀಕೆರೆ ಕಡೆ ಬಯಲುಸೀಮೆ, ಧೂಳು, ಬಿಸಿಲು. ಸಕಲೇಶಪುರ ದಾಟಿದ್ರೆ ಮಳೆಗಾಲದಲ್ಲಿ ಒಗೆದ ಬಟ್ಟೆನೇ ಒಣಗಲ್ಲ, ಮೂಡಿಗೆರೆ, ಕೊಪ್ಪ, ಶೃಂಗೇರಿನೂ ಅದೇ ಕಥೆ. ಅರಸೀಕೆರೆ ಅಂಗಡಿಗೆ ಹೊಂದಿದ ಬಾಕ್ಸು ಕಳಸದ ತೋಟಕ್ಕೆ ಹೊಂದಲ್ಲ.

ಜಾಗ ಗೊತ್ತಾದ್ಮೇಲೆ ಐಪಿ ನಂಬರ್ ನೋಡಿ. ಇದನ್ನ ಅರವತ್ತೈದು ಅಂತ ಒಟ್ಟಿಗೆ ಓದ್ಬೇಡಿ, ಆರು ಬೇರೆ ಐದು ಬೇರೆ. ಮೊದಲ ಅಂಕಿ ಧೂಳಿಗೆ, 6 ಅಂದ್ರೆ ಧೂಳು ಒಳಗೆ ನುಗ್ಗೋ ಮಾತೇ ಇಲ್ಲ. ಎರಡನೇದು ನೀರಿಗೆ, 4 ಅಂದ್ರೆ ಎರಚಲು ತಡಿಯತ್ತೆ, 5 ಅಂದ್ರೆ ಪೈಪಲ್ಲಿ ನೀರು ಹೊಡೆದ್ರೂ ತಡಿಯತ್ತೆ. ಆಫೀಸ್ ಒಳಗಿನ ಗಾಜಿನ ಬಾಗಿಲ ರ್‍ಯಾಕುಗಳು (ಸಾಧನಗಳನ್ನ ಒಂದರ ಮೇಲೊಂದು ಕೂರಿಸೋ ಬೀರು) ಸಾಮಾನ್ಯವಾಗಿ ಐಪಿ 20, ಬೆರಳು ಹೋಗಲ್ಲ ಅಷ್ಟೇ, ನೀರಿಗೆ ಸೊನ್ನೆ. ಸೂರಿನ ಕೆಳಗಾದ್ರೆ, ಕಾಫಿ ಗೋಡೌನ್ ಒಳಗಾದ್ರೆ ಐಪಿ 54 ಅಥವಾ 55 ಸಾಕು, ಬಯಲಲ್ಲಿ ಕಂಬಕ್ಕೆ ಅಂದ್ರೆ 65ಕ್ಕಿಂತ ಕೆಳಗೆ ಇಳೀಬೇಡಿ.

ಆದ್ರೆ ಆ ನಂಬರ್ ಎಲ್ಲಾ ನೀವು ಡ್ರಿಲ್ ಹಿಡಿಯೋ ತನಕ ಮಾತ್ರ. ಕೇಬಲ್ ಬಾಕ್ಸಿನ ತಳದಿಂದಲೇ ಬರ್ಬೇಕು, ಕೇಬಲ್ ದಪ್ಪಕ್ಕೆ ಸರಿಯಾದ ಗ್ಲ್ಯಾಂಡ್ (ತೂತಲ್ಲಿ ಕೇಬಲ್ಲನ್ನ ಸುತ್ತ ಬಿಗಿಯಾಗಿ ಹಿಡಿಯೋ ಬಿರಡೆ) ಹಾಕ್ಬೇಕು, ಒಳಗೆ ಹೋಗೋಕ್ ಮುಂಚೆ ಕೇಬಲ್ ಒಂದ್ಸಲ ಕೆಳಗೆ ಜೋತುಬಿದ್ದು ಮೇಲೇರ್ಬೇಕು, ಆಗ ಕೇಬಲ್ ಮೇಲೆ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕತ್ತೆ. ಗ್ಲ್ಯಾಂಡಿಗೆ ದುಡ್ಡು ಉಳಿಸಿದೋರು ಸ್ವಿಚ್ಚಿಗೆ ಕೊಡ್ತಾರೆ, ನಾನು ಕೊಟ್ಟಿದೀನಿ.

ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಹೊಳೆಯಲ್ಲ. ಪೂರ್ತಿ ಸೀಲ್ ಮಾಡಿದ ಬಾಕ್ಸ್ ಒಳಗೂ ನೀರು ಬರತ್ತೆ, ಮಳೆಯಿಂದಲ್ಲ, ಗಾಳಿಯಿಂದ. ಹಗಲು ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸಂದಿಯಿಂದ ಆಚೆ ಹೋಗತ್ತೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿನ ಒಳಗೆ ಎಳ್ಕೊಳತ್ತೆ, ಆ ತೇವ ತಗಡಿಗೆ ತಾಗಿ ಹನಿಯಾಗತ್ತೆ, ಚಳಿಗಾಲದಲ್ಲಿ ಕಿಟಕಿ ಗಾಜು ಬೆವರತ್ತಲ್ಲ ಹಂಗೆ. ಇದಕ್ಕೆ ತಳದಲ್ಲಿ ಬ್ರೀದರ್ ಡ್ರೈನ್ ಅಂತ ಒಂದು ಸಣ್ಣ ಪ್ಲಗ್ ಹಾಕ್ಬೇಕು, ಗಾಳಿ ಆಡತ್ತೆ, ಕೂಡಿದ ನೀರು ಇಳಿಯತ್ತೆ. ಮಲೆನಾಡಿಗೆ ಇದು ಐಪಿ ನಂಬರಿಗಿಂತ ಒಂದು ಕೈ ಮೇಲೆ ಅಂತ ನನ್ನ ಅಭಿಪ್ರಾಯ.

ಸೈಜಿಗೆ ಬರೋಣ. ರ್‍ಯಾಕ್ ಸಾಮಾನಿಗೆಲ್ಲ ಅಗಲ 19 ಇಂಚು, ಎತ್ತರದ ಅಳತೆಗೆ ಯು ಅಂತಾರೆ, 1 ಯು ಅಂದ್ರೆ 44.45 ಮಿಲಿಮೀಟರ್, ಒಂದೂಮುಕ್ಕಾಲು ಇಂಚು. ಒಂದು ಚೀಟಿ ತಗೊಂಡು ಯಾವುದಕ್ಕೆ ಎಷ್ಟು ಯು ಅಂತ ಬರೀರಿ: ಪ್ಯಾಚ್ ಪ್ಯಾನೆಲ್ (ಗೋಡೆಯಿಂದ ಬರೋ ಕೇಬಲ್‌ಗಳು ಕೂಡೋ ಪಟ್ಟಿ) 1, ಕೇಬಲ್ ಮ್ಯಾನೇಜರ್ (ಕೇಬಲ್ ಒಪ್ಪವಾಗಿಡೋ ಪಟ್ಟಿ) 1, ಸ್ವಿಚ್ 1, ಪವರ್ ಸ್ಟ್ರಿಪ್ 1, ಕ್ಯಾಮರಾ ರೆಕಾರ್ಡರ್ ಕೂರೋ ಟ್ರೇಗೆ 2. ಆರಾಯ್ತಾ, ಆಗ ಒಂಬತ್ತು ಯು ತಗೊಳ್ಳಿ, ಯಾಕಂದ್ರೆ ಮುಂದಿನ ವರ್ಷ ನೀವೇ ಇನ್ನೊಂದು ಸ್ವಿಚ್ ತರ್ತೀರ. ಎತ್ತರ ಎಲ್ರೂ ನೋಡ್ತಾರೆ, ಆಳ ಯಾರೂ ನೋಡಲ್ಲ. ಸ್ವಿಚ್ಚಿನ ಉದ್ದದ ಜೊತೆ ಹಿಂದಿನ ಪ್ಲಗ್ಗು, ಮುಂದೆ ಕೇಬಲ್ ಬಾಗೋ ಜಾಗ ಸೇರಿಸಿ ಅಳೀರಿ, ಇಲ್ಲಾಂದ್ರೆ 400 ಮಿಲಿಮೀಟರ್ ಆಳದ ರ್‍ಯಾಕ್ ತಂದು ಬಾಗಿಲು ಮುಚ್ಚೋಕಾಗ್ದೆ ಹಗ್ಗ ಕಟ್ತೀರ. ಸರ್ವರ್ ಇದ್ರೆ ಗೋಡೆ ರ್‍ಯಾಕ್ ಮರೆತ್ಬಿಡಿ, ನೆಲದ ಮೇಲೆ ನಿಲ್ಲೋ 1000 ಮಿಲಿಮೀಟರ್ ಆಳದ್ದೇ ಬೇಕು.

ಗೋಡೆ ಅಂದ್ನಲ್ಲ, ಹಳೇ ತೊಟ್ಟಿ ಮನೆಗಳ ಮಣ್ಣಿನ ಗೋಡೆಗೆ ಆಂಕರ್ ಬೋಲ್ಟ್ ಹಿಡಿಯಲ್ಲ, ತಿರುಗಿಸಿದಷ್ಟೂ ಮಣ್ಣು ಉದುರತ್ತೆ. ಆರ್‌ಪಾರ್ ಬೋಲ್ಟ್ ಹಾಕಿ ಆಚೆ ಕಡೆ ಪಟ್ಟಿ ಕೊಡಿ, ಇಲ್ಲಾ ಮರದ ಕಂಬಕ್ಕೆ ಹಲಗೆ ಹೊಡೆದು ಅದಕ್ಕೆ ಕೂರಿಸಿ.

ಯುಪಿಎಸ್ ಬ್ಯಾಟರಿನ ಮಾತ್ರ ಸೀಲ್ ಆದ ಬಾಕ್ಸ್ ಒಳಗೆ ತುರುಕಬೇಡಿ. ಸೀಸದ ಬ್ಯಾಟರಿ ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡಬಹುದು, ಅದು ಬೆಂಕಿ ಹತ್ಕೊಳ್ಳೋ ಗ್ಯಾಸು, ಜೊತೆಗೆ ಸೆಕೆ ಜಾಸ್ತಿ ಆದಷ್ಟೂ ಬ್ಯಾಟರಿ ಆಯಸ್ಸು ಕಮ್ಮಿ, 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಮ್ಮಿ ಅರ್ಧ ಆಗತ್ತೆ ಅಂತ ಲೆಕ್ಕ. ಅರಸೀಕೆರೆ ಕಡೆ ಹೊರಗೆ ಇಡೋದಾದ್ರೆ ತಿಳಿ ಬಣ್ಣದ ಬಾಕ್ಸ್ ತಗೊಂಡು ಮೇಲೊಂದು ತಗಡಿನ ನೆರಳು ಮಾಡಿ. ಫ್ಯಾನ್ ಹಾಕಿದ್ರೆ ಫಿಲ್ಟರ್ ಇರ್ಲೇಬೇಕು.

ವೈಫೈ ಸಾಧನ ತಗಡಿನ ಬಾಕ್ಸಲ್ಲಿಟ್ರೆ ಸಿಗ್ನಲ್ ಆಚೆ ಬರಲ್ಲ, ಅದಕ್ಕೆ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್ ಬಾಕ್ಸೇ ಸರಿ. ತಗಡಿನದಾದ್ರೆ ಅರ್ಥಿಂಗ್ ಕಡ್ಡಾಯ, ಬಾಗಿಲಿಗೂ ಬೇರೆ ವೈರ್ ಬೇಕು, ಹಿಂಜ್ ನಂಬ್ಕೋಬೇಡಿ. ಏಪ್ರಿಲಲ್ಲಿ ಹೂಮಳೆ ಜೊತೆ ಬರೋ ಸಿಡಿಲು ನೋಡಿದೋರು ಮನೆಯಿಂದ ಪಲ್ಪರ್ ಮನೆಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಕಟ್ಟಡ) ತಾಮ್ರದ ಕೇಬಲ್ ಎಳೆಯಲ್ಲ, ಕರೆಂಟ್ ಹರಿಯದ ಆಪ್ಟಿಕಲ್ ಫೈಬರ್ ಎಳೀತಾರೆ, ಹೇಗೂ ತಾಮ್ರದ್ದು 100 ಮೀಟರ್‌ಗೆ ಮುಗೀತು. ಬಳಸ್ದೇ ಇರೋ ತೂತಿಗೆಲ್ಲ ಬಿರಡೆ ಹಾಕಿ, ಇಲ್ಲಾಂದ್ರೆ ಬೆಚ್ಚಗಿದೆ ಅಂತ ಹಲ್ಲಿ, ಇರುವೆ ಸಂಸಾರ ಹೂಡ್ತವೆ.

ಮೇ ಕೊನೆ ವಾರ ಒಂದ್ಸಲ ಬಾಗಿಲು ತೆಗೀರಿ. ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ಯಾ, ಡ್ರೈನ್ ಕಟ್ಕೊಂಡಿದ್ಯಾ ನೋಡಿ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ರೆ ನೀಲಿ ಹೋಗಿ ಗುಲಾಬಿ ಆಗಿದ್ಯಾ ನೋಡಿ. ಗುಲಾಬಿ ಆಗಿದ್ರೆ ಬದಲಾಯಿಸಿ, ಒಣಗಿಸ್ತೀನಿ ಅಂತ ರೊಟ್ಟಿ ಹಂಚಿನ ಮೇಲೆ ಮಾತ್ರ ಹಾಕ್ಬೇಡಿ, ಆ ನೀಲಿ ಬಣ್ಣದಲ್ಲಿ ಆರೋಗ್ಯಕ್ಕೆ ಹಾನಿ ಮಾಡೋ ಕೋಬಾಲ್ಟ್ ಇರತ್ತೆ.